ನಡುವಣ ನೆಲ

ಹಿರೇಕೆರೂರು ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಜಾತ್ರೆಯ ಕುಸ್ತಿಯನ್ನು ಹೊಸದಾಗಿ ವರ್ಣಿಸಬೇಕಾಗಿಲ್ಲ. ಹದಮಾಡಿದ ಕೆಮ್ಮಣ್ಣಿನ ಕಣದಲ್ಲಿ ಇಬ್ಬರು ಪೈಲ್ವಾನರು ಇಳಿದು, ಹಿಡಿ ಮಣ್ಣನ್ನು ಒಬ್ಬರ ಮೈಗೆ ಒಬ್ಬರು ಎರಚಿ, ಕೈ ಮುಟ್ಟಿಸಿ, ಆಮೇಲೆ ಎಷ್ಟೋ ಹೊತ್ತಿನವರೆಗೆ ಏನನ್ನೂ ಮಾಡದೆ ಸುಮ್ಮನೆ ಸುತ್ತುತ್ತಿರುವಂತೆ ಕಾಣುತ್ತಾರೆ; ಒಬ್ಬನು ಅರ್ಧ ಹೆಜ್ಜೆ ಮುಂದಿಟ್ಟರೆ ಇನ್ನೊಬ್ಬನು ಅರ್ಧ ಹೆಜ್ಜೆ ಹಿಂದೆಗೆಯುತ್ತಾನೆ, ಒಬ್ಬನ ಕೈ ಕತ್ತಿನ ಕಡೆಗೆ ಹೋದಂತೆ ಮಾಡಿ ಹಿಂದಿರುಗುತ್ತದೆ, ಮತ್ತೆ ಸುತ್ತು, ಮತ್ತೆ ಹೆಜ್ಜೆ. ಬಾಲ್ಯದಲ್ಲಿ ಇಂಥ ಹೊತ್ತಿನಲ್ಲಿ ನಾನು ತಾಳ್ಮೆಗೆಟ್ಟು, ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರನ್ನು ಕುಸ್ತಿ ಯಾವಾಗ ಸುರುವಾಗುತ್ತದೆಂದು ಕೇಳಿದ್ದೆನು. ಹರೆಯದಲ್ಲಿ ತಾವೂ ಲಂಗೋಟಿ ಕಟ್ಟಿ ಕಣಕ್ಕಿಳಿದಿದ್ದ ಆ ಮನುಷ್ಯರು ಕಣ್ಣನ್ನು ಕಣದಿಂದ ತೆಗೆಯದೆಯೇ, "ತಮ್ಮಾ, ಕುಸ್ತಿ ನಡದಿರೂದು ಈಗನ ನೋಡು. ಕೆಡವೂದು ಬರೇ ಲೆಕ್ಕ ಮುಗಸೂದು" ಎಂದರು.

ಆ ಮಾತಿನ ಅರ್ಥವು ನನಗೆ ಸಂಪೂರ್ಣವಾಗಿ ತಿಳಿದುಬಂದುದು ಎಷ್ಟೋ ವರ್ಷಗಳ ನಂತರ, ಅದೂ ಕಣದ ಅಂಚಿನಲ್ಲಲ್ಲ. ಚಿಕ್ಕೇರೂರಿನ ಮನೆಯ ಪಡಸಾಲೆಯಲ್ಲಿ, ದೂರದರ್ಶನದ ಪೆಟ್ಟಿಗೆಯ ಮುಂದೆ. ದೀಪಾವಳಿಯ ರಜೆಯಲ್ಲಿ ತಂಗಿಯ ಮಗನೂ ಅವನ ಗೆಳೆಯನೂ ಕೈಯಲ್ಲಿ ಕಂಟ್ರೋಲರ್ ಹಿಡಿದು, 'ಟೆಕ್ಕನ್' ಎಂಬ ಕಾಳಗದ ವಿಡಿಯೋ ಗೇಮ್ ಆಡುತ್ತಿದ್ದರು. ಪರದೆಯ ಮೇಲಿನ ಎರಡು ಆಕೃತಿಗಳು ಮುಂದೆ ಬರುವುದು, ಹಿಂದೆ ಹೋಗುವುದು, ಒಮ್ಮೆ ಬಾಗುವುದು, ಮತ್ತೆ ಹಿಂದೆ ಸರಿಯುವುದು. ಇಷ್ಟನ್ನೇ ಬಹಳ ಹೊತ್ತು ಮಾಡಿದವು. ಯಾಕೆ ಹೊಡೆಯುತ್ತಿಲ್ಲವೆಂದು ನಾನು ಕೇಳಿದೆ. ಹುಡುಗ ತಲೆ ತಿರುಗಿಸಲಿಲ್ಲ. "ತಡೀ ಮಾಮಾ, ಅವ ಬಟನ್ ಒತ್ತಲಿ ಅಂತ ಕಾಯಾಕತ್ತೀನಿ. ಈಗ ನಾ ಒತ್ತಿದರ ಅವಗ ಲಾಭ" ಎಂದನು. ಮರುಕ್ಷಣವೇ ಎದುರಾಳಿಯ ಕಾಲು ಗಾಳಿಯಲ್ಲಿ ಬೀಸಿ ಒಂದು ಗೇಣಿನಷ್ಟು ಕಡಿಮೆ ಬಿದ್ದಿತು. ಆ ಕಾಲು ನೆಲಕ್ಕೆ ಮರಳುವ ಮೊದಲೇ ಇವನ ಪೆಟ್ಟು ತಗುಲಿ, ಪೆಟ್ಟಿನ ಬೆನ್ನಿಗೆ ಪೆಟ್ಟು ಬಿದ್ದು, ಕಾಲುಭಾಗ ಆಯುಷ್ಯವು ಕರಗಿಹೋಯಿತು. ಕಣದ ಅಂಚಿನ ಆ ಹಿರಿಯರು ಅಂದು ಬದುಕಿದ್ದರೆ ಕೈತಟ್ಟುತ್ತಿದ್ದರೆಂದು ನನಗೆ ನಿಶ್ಚಯವಾಗಿ ಅನ್ನಿಸಿತು.

ಈ ಆಟಗಳ ಕುರಿತು ನಮ್ಮಲ್ಲಿ ಬಲವಾಗಿ ಬೇರೂರಿರುವ ಅಭಿಪ್ರಾಯವೇನೆಂದರೆ, ಅವು ಕೇವಲ ಬೆರಳಿನ ಚಪಲತೆಯ ಆಟಗಳು, ಯಾರು ಬೇಗ ಬೇಗ ಗುಂಡಿ ಒತ್ತುವರೋ ಅವರು ಗೆಲ್ಲುವರು ಎಂಬುದು. ಅಭ್ಯಾಸವಿಲ್ಲದ ಇಬ್ಬರು ಆಡುವಾಗ ಇದು ನಿಜವೂ ಹೌದು. ಆದರೆ ಅಭ್ಯಾಸಿಗಳ ನಡುವಣ ಕಾಳಗದಲ್ಲಿ ಹೊಡೆತವೆಂಬುದು ಬಹಳ ಮೊದಲೇ ನಿರ್ಣಯವಾಗಿಬಿಟ್ಟ ಒಂದು ವ್ಯವಹಾರದ ಕೊನೆಯ ರುಜು ಮಾತ್ರ. ನಿಜವಾದ ಹೋರಾಟವು ನಡೆಯುವುದು ಇಬ್ಬರ ನಡುವಣ ಎರಡು ಹೆಜ್ಜೆಯ ನೆಲಕ್ಕಾಗಿ, ಮತ್ತು ಎದುರಾಳಿಯ ಮನಸ್ಸಿನಲ್ಲಿ ಉಳಿದಿರುವ ಆಯ್ಕೆಗಳನ್ನು ಒಂದೊಂದಾಗಿ ಕಿತ್ತುಕೊಳ್ಳುವುದಕ್ಕಾಗಿ. ಇದನ್ನು ಸಾವಧಾನವಾಗಿ ವಿವರಿಸುವುದೇ ಈ ಬರಹದ ಉದ್ದೇಶ.

ಮಲ್ಲಕಾಳಗವನ್ನು ಬುದ್ಧಿಯ ವಿಷಯವೆಂದು ಪರಿಗಣಿಸುವುದು ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ, ಬನವಾಸಿ ನಾಡು ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿರಿಸಿದೆ. ಅದರಲ್ಲಿ ಮಲ್ಲರ ದರ್ಜೆಗಳು, ಅವರ ಆಹಾರ, ಭಾರಶ್ರಮ, ಸಲಿಲಶ್ರಮ, ಸ್ತಂಭಶ್ರಮವೇ ಮೊದಲಾದ ಸಾಧನೆಗಳು ಕ್ರಮವಾಗಿ ನಿರೂಪಿತವಾಗಿವೆ. ರಾಜನೊಬ್ಬನು ಕುಳಿತು ಮಲ್ಲನ ದಿನಚರಿಯನ್ನು ಬರೆಯಿಸುವಷ್ಟು ಈ ವಿದ್ಯೆಗೆ ಮನ್ನಣೆಯಿದ್ದಿತು. ಹೊಸ ಉಪಕರಣದ ಮೇಲೆ ಆಡಲಾಗುತ್ತಿರುವ ಮಾತ್ರಕ್ಕೆ ಅದೇ ಜಾತಿಯ ಬುದ್ಧಿಯನ್ನು ನಾವು ಗುರುತಿಸದೆ ಹೋಗುವುದು ನ್ಯಾಯವಲ್ಲ.

ಆಟದ ರೂಪವನ್ನು ಮೊದಲು ಹೇಳಬೇಕು. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು 1991ರಲ್ಲಿ ಹೊರತಂದ 'ಸ್ಟ್ರೀಟ್ ಫೈಟರ್ 2' ಈ ಪ್ರಕಾರಕ್ಕೆ ಇಂದಿಗೂ ಉಳಿದಿರುವ ಆಕಾರವನ್ನು ಕೊಟ್ಟಿತು. ಇಬ್ಬರು ಆಟಗಾರರು, ಇಬ್ಬರು ಕಾಳಗಗಾರರು, ಪರದೆಯ ಮೇಲ್ಭಾಗದಲ್ಲಿ ಇಬ್ಬರಿಗೂ ಒಂದೊಂದು ಆಯುಷ್ಯದ ಪಟ್ಟಿ, ನಡುವೆ ತೊಂಬತ್ತೊಂಬತ್ತರಿಂದ ಕೆಳಗಿಳಿಯುವ ಗಡಿಯಾರ. ಪಟ್ಟಿ ಬರಿದಾದವನು ಸೋತನು, ಕಾಲ ಮುಗಿದರೆ ಹೆಚ್ಚು ಆಯುಷ್ಯ ಉಳಿಸಿಕೊಂಡವನು ಗೆದ್ದನು. ನಾಮ್ಕೊ ಸಂಸ್ಥೆಯ 'ಟೆಕ್ಕನ್' 1994ರಲ್ಲಿ ಬಂದಿತು. ಅದರ ಮೂರನೆಯ ಆವೃತ್ತಿಯು ನಮ್ಮ ಊರುಗಳ ವಿಡಿಯೋ ಗೇಮ್ ಅಂಗಡಿಗಳಿಗೂ ಸೈಬರ್ ಕೆಫೆಗಳಿಗೂ ಪ್ರವೇಶಿಸಿ, ತಾಸಿಗಿಷ್ಟು ದುಡ್ಡು ಕೊಟ್ಟು ಆಡುವ ಒಂದು ಇಡೀ ಪೀಳಿಗೆಯನ್ನು ಬೆಳೆಸಿತು.

ಈಗ ಕಾಲದ ಲೆಕ್ಕಕ್ಕೆ ಬರೋಣ, ಏಕೆಂದರೆ ಸಮಸ್ತ ತಂತ್ರವೂ ಹುಟ್ಟುವುದು ಅಲ್ಲಿಂದಲೇ. ಈ ಆಟಗಳಲ್ಲಿ ಪರದೆಯ ಚಿತ್ರವು ಸೆಕೆಂಡಿಗೆ 60 ಬಾರಿ ಬದಲಾಗುತ್ತದೆ; ಆಟಗಾರರು ಅಂಥ ಒಂದು ಚಿತ್ರವನ್ನು 'ಫ್ರೇಮ್' ಎಂದು ಕರೆದು, ಎಲ್ಲ ಪೆಟ್ಟುಗಳ ವೇಗವನ್ನೂ ಅದರಲ್ಲಿಯೇ ಅಳೆಯುತ್ತಾರೆ. 2023ರಲ್ಲಿ ಬಂದ 'ಸ್ಟ್ರೀಟ್ ಫೈಟರ್ 6' ಆಟದಲ್ಲಿ ಅತಿ ಚುರುಕಾದ ಗುದ್ದು ನಾಲ್ಕು ಫ್ರೇಮ್‌ಗಳಲ್ಲಿ ತಗಲುತ್ತದೆ, ಅಂದರೆ ಸೆಕೆಂಡಿನ ಹದಿನೈದನೆಯ ಒಂದು ಪಾಲಿನಲ್ಲಿ. ಮನುಷ್ಯನಾದರೋ ಒಂದು ವಸ್ತುವನ್ನು ಕಣ್ಣಿನಿಂದ ಕಂಡು ಬೆರಳನ್ನು ಅಲುಗಿಸುವುದಕ್ಕೆ ಸುಮಾರಾಗಿ ಸೆಕೆಂಡಿನ ಐದನೆಯ ಅಥವಾ ನಾಲ್ಕನೆಯ ಒಂದು ಪಾಲು ಬೇಕು; ಅಂದರೆ ಹನ್ನೆರಡರಿಂದ ಹದಿನೈದು ಫ್ರೇಮ್‌ಗಳು. ಕಂಡ ಮೇಲೆ ತಡೆಯುತ್ತೇನೆ ಎಂಬವನ ಮುಖಕ್ಕೆ ಮೂರು ಗುದ್ದು ಬೀಳುವಷ್ಟು ಕಾಲ ಕಳೆದಿರುತ್ತದೆ. ಆದುದರಿಂದ ಸಮೀಪದ ಪೆಟ್ಟನ್ನು ನೋಡಿ ತಡೆಯುವ ಮಾತೇ ಇಲ್ಲ. ಬರುವ ಮೊದಲೇ ಊಹಿಸಬೇಕು, ಇಲ್ಲವೇ ಅದು ಬರಲಾಗದಷ್ಟು ದೂರದಲ್ಲಿ ನಿಂತಿರಬೇಕು. ಎದುರಾಳಿಯು ನೆಗೆದು ಬರುವುದು ಮಾತ್ರ ಅರ್ಧ ಸೆಕೆಂಡಿಗೂ ಮಿಕ್ಕಿದ ದೀರ್ಘ ಕ್ರಿಯೆಯಾದುದರಿಂದ ಅದನ್ನು ಕಂಡು ಉತ್ತರಿಸಬಹುದು, ಅದೂ ಮನಸ್ಸನ್ನು ಅದಕ್ಕಾಗಿಯೇ ತೆರವು ಇಟ್ಟುಕೊಂಡಿದ್ದರೆ.

ಈ ತೆರವಿನ ಪ್ರಶ್ನೆಯು ಬಹಳ ಮುಖ್ಯವಾದುದು. ಎದುರಾಳಿಯು ನೆಗೆಯಬಹುದು, ನುಗ್ಗಬಹುದು, ದೂರದಿಂದ ಬೆಂಕಿಯುಂಡೆ ಎಸೆಯಬಹುದು, ಕಾಲು ಬೀಸಬಹುದು. ಈ ನಾಲ್ಕನ್ನೂ ಒಟ್ಟಿಗೆ ಎದುರುನೋಡುವವನು ನಾಲ್ಕಕ್ಕೂ ತಡವಾಗಿ ಉತ್ತರಿಸುತ್ತಾನೆ. ಕುಶಲನಾದವನು ತಾನು ನಿಲ್ಲುವ ಸ್ಥಳದಿಂದಲೇ ಅವುಗಳಲ್ಲಿ ಎರಡನ್ನೋ ಮೂರನ್ನೋ ನಿಷ್ಪ್ರಯೋಜಕಗೊಳಿಸಿ, ಉಳಿದ ಒಂದಕ್ಕಾಗಿ ಮಾತ್ರ ಕಣ್ಣನ್ನು ಕಾಯಿಸಿ ಇಟ್ಟಿರುತ್ತಾನೆ. ನಾವು ಅವನ ಬೆರಳಿನ ವೇಗವನ್ನು ಮೆಚ್ಚುತ್ತೇವೆ. ಮೆಚ್ಚತಕ್ಕದ್ದು ಅವನ ನಿಲುವನ್ನು. ನಮ್ಮ ಸೀಮೆಯ ಹೋರಿ ಹಬ್ಬದಲ್ಲಿ, ಕೊಬ್ಬರಿಯ ಸರವನ್ನು ಕಟ್ಟಿಕೊಂಡು ಅಖಾಡದ ನಡುವೆ ಗಾಳಿಯಂತೆ ನುಗ್ಗಿಬರುವ ಹೋರಿಯ ಕೊರಳಿಗೆ ಕೈಹಾಕುವ ತರುಣನನ್ನು ಗಮನಿಸಿದವರಿಗೆ ಇದು ಗೊತ್ತಿದೆ: ಕೊಬ್ಬರಿ ಹರಿಯುವವನು ಎಲ್ಲರಿಗಿಂತ ಜೋರಾಗಿ ಓಡುವವನಲ್ಲ, ಹೋರಿಯು ಯಾವ ಮಗ್ಗುಲಿಗೆ ಸರಿಯುವುದೆಂದು ತಿಳಿದು ಆ ಮಗ್ಗುಲಲ್ಲಿ ಮೊದಲೇ ನಿಂತಿರುವವನು.

ಈ ಆಟಗಳ ಹೃದಯದಲ್ಲಿ ಮೂರು ಕ್ರಿಯೆಗಳ ಒಂದು ಚಕ್ರವಿದೆ. ಹೊಡೆತವನ್ನು ತಡೆ ಗೆಲ್ಲುತ್ತದೆ, ತಡೆಯನ್ನು ಹಿಡಿತ ಗೆಲ್ಲುತ್ತದೆ, ಹಿಡಿಯಬಂದವನನ್ನು ಹೊಡೆತ ಗೆಲ್ಲುತ್ತದೆ. ಮಕ್ಕಳು ಕೈಬೆರಳಿನಿಂದ ಆಡುವ ಕಲ್ಲು, ಕಾಗದ, ಕತ್ತರಿಯಂತೆಯೇ. ಹುಡುಗರ ಮಾತಿನಲ್ಲಿ ತಡೆಯುವುದು 'ಬ್ಲಾಕ್', ಹಿಡಿದು ಕೆಡವುವುದು 'ಥ್ರೋ'. ಹಾಗಾದರೆ ಇದು ಜೂಜಲ್ಲವೆ, ಊಹೆ ಹತ್ತಿದವನು ಗೆಲ್ಲುವನು, ಇದರಲ್ಲಿ ತಂತ್ರವೆಲ್ಲಿ ಬಂತು ಎಂದು ವಾಚಕರು ಕೇಳಬಹುದು. ಕೈಬೆರಳಿನ ಆಟದಲ್ಲಿ ಯಾವುದರಿಂದ ಗೆದ್ದರೂ ಗೆಲುವು ಒಂದೇ ಅಳತೆಯದು. ಇಲ್ಲಿಯಾದರೋ ಒಂದೊಂದು ಗೆಲುವಿನ ಬೆಲೆ ಬೇರೆ ಬೇರೆ. ಆ ಅಸಮಾನತೆಯಲ್ಲಿಯೇ ತಂತ್ರವು ಹುಟ್ಟುತ್ತದೆ.

ಒಂದು ಲೆಕ್ಕವನ್ನು ಮಾಡಿಯೇ ನೋಡೋಣ. ನೀವು ಎದುರಾಳಿಯ ಮೈಗೆ ಮೈ ತಾಗುವಷ್ಟು ಸಮೀಪ ಬಂದಿದ್ದೀರಿ, ಮುಂದಿನ ನಡೆ ನಿಮ್ಮದು. ನಿಮಗೆ ಎರಡು ದಾರಿ: ಹೊಡೆಯುವುದು, ಹಿಡಿಯುವುದು. ಅವನಿಗೂ ಎರಡು ದಾರಿ: ಹೊಡೆತಕ್ಕೆ ತಡೆ ಒಡ್ಡುವುದು, ಅಥವಾ ಹಿಡಿತವನ್ನು ಬಿಡಿಸಿಕೊಳ್ಳಲು ಯತ್ನಿಸುವುದು. ನೀವು ಹಿಡಿದಾಗ ಅವನು ತಡೆ ಒಡ್ಡಿ ನಿಂತಿದ್ದರೆ ಅವನ ಆಯುಷ್ಯದಲ್ಲಿ ಹತ್ತು ಹೋಗುತ್ತದೆನ್ನಿ. ನೀವು ಹೊಡೆದಾಗ ಅವನು ಬಿಡಿಸಿಕೊಳ್ಳುವ ಯತ್ನದಲ್ಲಿದ್ದರೆ ಆ ಪೆಟ್ಟಿಗೆ ಸರಮಾಲೆಯೇ ಕೂಡಿಕೊಂಡು ಮೂವತ್ತು ಹೋಗುತ್ತದೆನ್ನಿ. ಅವನ ಊಹೆ ಸರಿಯಾದರೆ ಏನೂ ಹೋಗುವುದಿಲ್ಲ. ನೀವು ಯಾವುದನ್ನು ಹೆಚ್ಚು ಮಾಡಬೇಕು? ಮೂವತ್ತು ತರುವ ಹೊಡೆತವನ್ನೇ ಎಂದು ಮೊದಲು ತೋರುತ್ತದೆ. ಆದರೆ ಮೂವತ್ತರ ಭಯದಿಂದ ಅವನು ಬಹುಮಟ್ಟಿಗೆ ತಡೆಯನ್ನೇ ಒಡ್ಡಿರುತ್ತಾನೆ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಅವನು ನಾಲ್ಕರಲ್ಲಿ ಮೂರು ಸಲ ತಡೆ ಒಡ್ಡಬೇಕು, ನೀವು ನಾಲ್ಕರಲ್ಲಿ ಮೂರು ಸಲ ಹಿಡಿಯಬೇಕು, ಒಂದು ಸಲ ಮಾತ್ರ ಹೊಡೆಯಬೇಕು. ಆಗ ಸರಾಸರಿಯಲ್ಲಿ ಪ್ರತಿಸಲ ಏಳೂವರೆ ಅವನಿಂದ ಕಳೆಯುತ್ತದೆ, ಅವನು ಏನು ಮಾಡಿದರೂ ಅದನ್ನು ಇನ್ನೂ ಕಡಿಮೆ ಮಾಡಲಾರನು. ದೊಡ್ಡ ಪೆಟ್ಟನ್ನು ವಿರಳವಾಗಿ ಬಳಸಬೇಕು, ಅದರ ಭಯವನ್ನು ಸದಾ ಜೀವಂತವಾಗಿ ಇಟ್ಟು, ಆ ಭಯದ ನೆರಳಿನಲ್ಲಿ ಚಿಕ್ಕ ಹಿಡಿತಗಳಿಂದ ಆಯುಷ್ಯವನ್ನು ಸವೆಸಬೇಕು. ಇಂಥ ಆಟಗಳಲ್ಲಿ ಹೀಗೊಂದು ಸಮತೋಲವು ಇದ್ದೇ ಇರುತ್ತದೆಂದು ಹಂಗೇರಿಯ ಗಣಿತಜ್ಞ ಜಾನ್ ಫಾನ್ ನಾಯ್ಮನ್ 1928ರಲ್ಲಿ ಸಾಧಿಸಿ ತೋರಿಸಿದ್ದನು. ಪಡಸಾಲೆಯ ಹುಡುಗರು ಅವನ ಹೆಸರನ್ನು ಕೇಳದೆಯೇ, ಸೋತು ಸೋತು, ಅದೇ ಅನುಪಾತದ ಸಮೀಪಕ್ಕೆ ಬಂದಿರುತ್ತಾರೆ. ಇದು ನನಗೆ ನಿಜವಾಗಿಯೂ ವಿಸ್ಮಯದ ಸಂಗತಿ.

ಹೀಗೆ ಮೈಗೆ ಮೈ ತಾಗುವ ಸ್ಥಿತಿಯು ಸುಲಭವಾಗಿ ಒದಗುವುದಿಲ್ಲ. ಅಲ್ಲಿಗೆ ತಲುಪುವವರೆಗಿನ ಹಾದಿಯೇ ನಾನು ನಡುವಣ ನೆಲವೆಂದು ಕರೆದದ್ದು. ಆಟಗಾರರು ಇದನ್ನು 'ನ್ಯೂಟ್ರಲ್' ಎನ್ನುತ್ತಾರೆ: ಯಾರಿಗೂ ಲಾಭವಿಲ್ಲದ, ಇಬ್ಬರೂ ಸಮಾನರಾಗಿ ನಿಂತಿರುವ ಸ್ಥಿತಿ. 'ಸ್ಟ್ರೀಟ್ ಫೈಟರ್ 2' ಆಟದಲ್ಲಿ ನಮ್ಮ ದೇಶದವನೆಂದು ಚಿತ್ರಿತನಾದ ಧಾಲ್ಸಿಮ್ ಎಂಬ ಯೋಗಿಯಿದ್ದಾನೆ. ಅವನ ಕೈಕಾಲುಗಳು ಪರದೆಯ ಅರ್ಧದವರೆಗೆ ನೀಳವಾಗಿ ಚಾಚುತ್ತವೆ. ಅದೇ ಆಟದಲ್ಲಿ ಜಾಂಗೀಫ್ ಎಂಬ ಸೋವಿಯತ್ ಮಲ್ಲನೂ ಇದ್ದಾನೆ. ಅವನು ಒಮ್ಮೆ ಹಿಡಿದನೆಂದರೆ ಎತ್ತಿ ತಿರುಗಿಸಿ ನೆಲಕ್ಕೆ ಅಪ್ಪಳಿಸುತ್ತಾನೆ, ಆದರೆ ಅವನ ಕೈ ದೂರ ತಲುಪುವುದಿಲ್ಲ. ಇವರಿಬ್ಬರ ಕಾಳಗವನ್ನು ನೋಡಿದರೆ ನೆಲದ ಬೆಲೆ ತಾನಾಗಿಯೇ ತಿಳಿಯುತ್ತದೆ. ಯೋಗಿಯು ದೂರವನ್ನು ಕಾಯುತ್ತಾನೆ, ಮಲ್ಲನು ದೂರವನ್ನು ಕೊಳ್ಳುತ್ತಾನೆ. ಒಂದೊಂದು ಹೆಜ್ಜೆಗೂ ಒಂದೊಂದು ಪೆಟ್ಟಿನ ಸುಂಕ ತೆತ್ತು ಮಲ್ಲನು ಮುಂದೆ ಬರುತ್ತಾನೆ, ಎರಡು ಸಲ ಹಿಡಿದರೆ ತೆತ್ತ ಸುಂಕವೆಲ್ಲ ವಸೂಲಾಗುತ್ತದೆಂಬ ಲೆಕ್ಕವು ಅವನಿಗೆ ಗೊತ್ತಿದೆ. ಹಿಂದೆ ಸರಿಯುತ್ತಲೇ ಹೋಗುವವನಿಗೆ ಪರದೆಯ ಅಂಚು ಎದುರಾಗುತ್ತದೆ. 'ಕಾರ್ನರ್' ಎಂದು ಹುಡುಗರು ಭಯದಿಂದ ಹೇಳುವುದು ಇದನ್ನೇ. ಅಲ್ಲಿ ಹಿಂದೆಗೆಯುವ ಆಯ್ಕೆಯೇ ಅಳಿದುಹೋಗುವುದರಿಂದ, ಎದುರಾಳಿಯು ಊಹಿಸಬೇಕಾದ ಸಂಗತಿಗಳಲ್ಲಿ ಒಂದು ಕಡಿಮೆಯಾಗುತ್ತದೆ. ಒಂದು ಕಡಿಮೆಯಾಯಿತೆಂದರೆ ಸಮತೋಲವೆಲ್ಲ ಅವನ ಕಡೆಗೆ ವಾಲಿತು. ಹೊಡೆಯದೆಯೇ ಎದುರಾಳಿಯನ್ನು ಹತ್ತು ಹೆಜ್ಜೆ ಹಿಂದಕ್ಕೆ ನಡೆಸಿದವನು ಒಂದು ದೊಡ್ಡ ಪೆಟ್ಟು ಹೊಡೆದವನಿಗೆ ಸಮ.

ಕೆಳಗೆ ಬಿದ್ದವನು ಏಳುವ ಕ್ಷಣವೂ ಇಂಥದೇ. ಅವನು ಎಲ್ಲಿ ಏಳುವನು, ಯಾವಾಗ ಏಳುವನು ಎಂಬುದು ನಿಂತವನಿಗೆ ಮೊದಲೇ ತಿಳಿದಿರುತ್ತದೆ, ಆದುದರಿಂದ ಕೆಡವಿದವನು ದೂರ ಸರಿದು ಸಂಭ್ರಮಪಡದೆ ಪಕ್ಕದಲ್ಲಿಯೇ ಬಂದು ನಿಲ್ಲುತ್ತಾನೆ.

ಸಂಪತ್ತಿನ ವಿನಿಯೋಗದ ಮಾತೂ ಇದೆ. 'ಸ್ಟ್ರೀಟ್ ಫೈಟರ್ 6' ಆಟದಲ್ಲಿ ಆಯುಷ್ಯದ ಪಟ್ಟಿಯ ಕೆಳಗೆ 'ಡ್ರೈವ್' ಎಂಬ ಆರು ಖಾನೆಗಳ ಇನ್ನೊಂದು ಪಟ್ಟಿಯಿರುತ್ತದೆ. ರಭಸದಿಂದ ನುಗ್ಗುವುದಕ್ಕೂ, ಪೆಟ್ಟಿಗೆ ಬಲ ಕೂಡಿಸುವುದಕ್ಕೂ, ಒತ್ತಡದಿಂದ ಪಾರಾಗುವುದಕ್ಕೂ ಅದನ್ನೇ ವೆಚ್ಚ ಮಾಡಬೇಕು. ಅದು ಪೂರ್ತಿ ಬರಿದಾದರೆ ಮತ್ತೆ ತುಂಬುವವರೆಗೆ ಕಾಳಗಗಾರನು ಇವಾವುವನ್ನೂ ಮಾಡಲಾರದೆ ದುರ್ಬಲನಾಗುತ್ತಾನೆ. ಇಲ್ಲಿ ಹೊಸಬನು ಮಾಡುವ ತಪ್ಪು, ಮುಂಗಾರಿನ ಮೊದಲ ಮಳೆಗೆ ಕೆರೆ ತುಂಬಿತೆಂದು ತೂಬನ್ನು ಪೂರ್ತಿ ಎತ್ತಿಬಿಟ್ಟು, ಪೈರು ತೆನೆಗಟ್ಟುವ ಹೊತ್ತಿಗೆ ಒಣ ಕೆರೆಯ ಮುಂದೆ ನಿಲ್ಲುವ ತಪ್ಪು. ಆಯುಷ್ಯದಲ್ಲಿ ಮುಂದಿರುವವನಿಗೆ ಗಡಿಯಾರವೂ ಒಂದು ಸಂಪತ್ತು: ಅವನು ಹೊಡೆಯಬೇಕಾಗಿಲ್ಲ, ಹಿಂದೆ ಬಿದ್ದವನು ಹೊಡೆಯಲೇಬೇಕು, ಹೊಡೆಯಲೇಬೇಕಾದವನ ನಡೆಯನ್ನು ಊಹಿಸುವುದು ಸುಲಭ.

ಇಷ್ಟೆಲ್ಲ ಗಣನೆಯ ಮೇಲೆ, ಗಣನೆಗೆ ಸಿಕ್ಕದ ಒಂದು ಅಂಶವಿದೆ. ಅದು ಅಭ್ಯಾಸವನ್ನು ಬಿತ್ತುವ ಕಲೆ. ಒಂದೇ ನಡೆಯನ್ನು ಎರಡು ಬಾರಿ ತೋರಿಸಿ, ಮೂರನೆಯ ಬಾರಿಗೆ ಎದುರಾಳಿಯ ಕೈ ತಾನಾಗಿಯೇ ಅದರ ಉತ್ತರದ ಕಡೆಗೆ ಹೋಗುವಂತೆ ಮಾಡಿ, ಆ ಉತ್ತರಕ್ಕೆ ಪ್ರತ್ಯುತ್ತರವನ್ನು ಸಿದ್ಧವಾಗಿರಿಸುವುದು. ಹೀಗೆ ಎದುರಾಳಿಯ ಮನಸ್ಸನ್ನು ಓದುವುದಕ್ಕೆ ಜಪಾನೀಯರು ತಮ್ಮ ಭಾಷೆಯಲ್ಲಿ ಓದು ಎಂಬ ಅರ್ಥವೇ ಇರುವ 'ಯೋಮಿ' ಎಂಬ ಶಬ್ದವನ್ನು ಬಳಸುತ್ತಾರೆ. ಇದರ ಅತ್ಯಂತ ಪ್ರಸಿದ್ಧ ನಿದರ್ಶನವು 2004ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ 'ಇವೋ' ಪಂದ್ಯಾವಳಿಯದು. ಜಪಾನಿನ ಡೈಗೋ ಉಮೆಹಾರಾನ ಎದುರಿಗೆ ಅಮೆರಿಕದ ಜಸ್ಟಿನ್ ವಾಂಗ್. ಆಟ, 'ಸ್ಟ್ರೀಟ್ ಫೈಟರ್ 3'ರ ಕೊನೆಯ ಆವೃತ್ತಿ. ಡೈಗೋನ ಕಾಳಗಗಾರ ಕೆನ್‌ನ ಆಯುಷ್ಯವು ಪಟ್ಟಿಯ ತುದಿಯಲ್ಲಿ ಒಂದು ಗೆರೆಯಷ್ಟು ಮಾತ್ರ ಉಳಿದಿತ್ತು. ವಾಂಗ್‌ನ ಚುನ್‌-ಲಿಯ ಬಳಿ ಹದಿನೈದು ಒದೆತಗಳ ಮಹಾಪ್ರಹಾರವು ಸಿದ್ಧವಾಗಿದ್ದಿತು; ಆ ಆಟದಲ್ಲಿ ಅಂಥ ಪ್ರಹಾರವನ್ನು ತಡೆ ಒಡ್ಡಿ ಎದುರಿಸಿದರೂ ಒಂದೊಂದು ಒದೆತಕ್ಕೆ ಒಂದಿಷ್ಟು ಆಯುಷ್ಯ ಸವೆಯುವುದರಿಂದ, ಕೆನ್‌ನಿಗೆ ತಡೆಯೂ ಮರಣವೇ ಆಗಿದ್ದಿತು. ಹಾಗಾಗಿ ವಾಂಗ್ ಅದನ್ನು ಪ್ರಯೋಗಿಸಿದ್ದು ದುಡುಕೆಂದು ನಾನು ಹೇಳಲಾರೆ. ಗಣನೆಯ ಪ್ರಕಾರ ಅದೇ ಸರಿಯಾದ ನಡೆ. ಉಳಿದಿದ್ದ ಒಂದೇ ಒಂದು ದಾರಿ, ಪ್ರತಿ ಒದೆತವೂ ತಗಲುವ ಕ್ಷಣಕ್ಕೆ ಸರಿಯಾಗಿ ಹಿಂದೆ ಸರಿಯದೆ ಅದರ ಕಡೆಗೇ ಆಟದ ನಿಯಂತ್ರಣದ ಕೋಲನ್ನು ತಳ್ಳಿ ಒದೆತವನ್ನು ನಿಷ್ಫಲಗೊಳಿಸುವುದು. ಒಂದು ತಪ್ಪಿದರೂ ಸೋಲು. ಡೈಗೋ ಹದಿನೈದನ್ನೂ ಒಂದೂ ತಪ್ಪದೆ ನಿವಾರಿಸಿ, ಕೊನೆಯದನ್ನು ನೆಗೆದು ಗಾಳಿಯಲ್ಲಿ ನಿವಾರಿಸಿ, ಇಳಿದು ಬಂದು ತನ್ನ ಮಹಾಪ್ರಹಾರದಿಂದ ಆ ಸುತ್ತನ್ನು ಮುಗಿಸಿದನು. ನೆರೆದ ಜನರು ಎದ್ದು ಕೂಗಿದ ಆ ದೃಶ್ಯವನ್ನು ಲೋಕವೆಲ್ಲ ಇಂದಿಗೂ ನೋಡುತ್ತಿದೆ.

ಜನರು ಮೆಚ್ಚುವುದು ಹದಿನೈದು ಒದೆತಗಳನ್ನು ನಿವಾರಿಸಿದ ಕೈಯನ್ನು. ನನಗೆ ಹೆಚ್ಚು ದೊಡ್ಡದಾಗಿ ತೋರುವುದು ಮೊದಲನೆಯ ಒದೆತ. ಅದು ಇಂಥ ಹೊತ್ತಿಗೆ ಬಂದೇ ಬರುವುದೆಂದು ಮೊದಲೇ ಅರಿತಿರದವನು ಮೊದಲನೆಯದನ್ನೇ ನಿವಾರಿಸಲಾರನು. ಉಳಿದ ಹದಿನಾಲ್ಕು ಅಭ್ಯಾಸದ ಕೋಣೆಯಲ್ಲಿ ಕಲಿತ ತಾಳ. ಆ ಪಂದ್ಯವನ್ನು ಗೆದ್ದು ಅಂತಿಮ ಪಂದ್ಯಕ್ಕೆ ಹೋದ ಡೈಗೋ ಅಲ್ಲಿ ತನ್ನ ದೇಶದವನೇ ಆದ ಕೆಂಜಿ ಒಬಾಟಾನಿಗೆ ಸೋತನು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಲೋಕಪ್ರಸಿದ್ಧವಾದ ಕ್ಷಣವೂ ದೀರ್ಘವಾದ ಪಂದ್ಯಾವಳಿಯಲ್ಲಿ ಒಂದು ಸುತ್ತಷ್ಟೆ.

ಯಾರೊಡನೆ, ಯಾವ ಪಣಕ್ಕೆ ಕಾಳಗವೆಂಬ ಪ್ರಶ್ನೆಯು ಇನ್ನೂ ಮೇಲಿನದು. ವ್ಯಾಸಭಾರತದಲ್ಲಿ ಸರೋವರದಿಂದ ಎದ್ದುಬಂದ ದುರ್ಯೋಧನನಿಗೆ ಧರ್ಮರಾಯನು, ನಮ್ಮ ಐವರಲ್ಲಿ ಯಾರನ್ನಾದರೂ ಒಬ್ಬನನ್ನು ಗೆಲ್ಲು, ರಾಜ್ಯವು ನಿನ್ನದೇ ಎಂದುಬಿಡುತ್ತಾನೆ. ಕೃಷ್ಣನು ಇದನ್ನು ಕೇಳಿ ಕೋಪಗೊಳ್ಳುತ್ತಾನೆ, ಏಕೆಂದರೆ ಹದಿನೆಂಟು ದಿನ ಹೋರಾಡಿ ಗೆದ್ದುದನ್ನೆಲ್ಲ ಒಂದೇ ದ್ವಂದ್ವದ ಪಣಕ್ಕೆ ಒಡ್ಡಿದಂತಾಯಿತು. ಭೀಮನು ಬಲಿಷ್ಠನು, ನಿಜ, ಆದರೆ ಭೀಮನ ಲೋಹದ ಪ್ರತಿಮೆಯನ್ನು ಇರಿಸಿಕೊಂಡು ಹದಿಮೂರು ವರ್ಷ ಅದರ ಮೇಲೆ ಗದೆ ಬೀಸಿದ ದುರ್ಯೋಧನನು ಕುಶಲನು, ಬಲಿಷ್ಠನಿಗೂ ಕುಶಲನಿಗೂ ಕಾಳಗವಾದರೆ ಕುಶಲನದೇ ಮೇಲುಗೈ. ರನ್ನನ 'ಗದಾಯುದ್ಧ'ವನ್ನು ಓದಿ ಬೆಳೆದ ನಮಗೆ ಈ ಪ್ರಸಂಗದ ರಸವು ಗೊತ್ತು. ಅದರೊಳಗಿನ ಯುದ್ಧನೀತಿಯನ್ನೂ ಒಮ್ಮೆ ಗಮನಿಸಬೇಕು. ಲೋಹದ ಪ್ರತಿಮೆಯ ಮುಂದಿನ ಆ ಹದಿಮೂರು ವರ್ಷಗಳ ಅಭ್ಯಾಸವನ್ನು ಇಂದಿನ ಆಟಗಾರರು ಬೇರೆ ಹೆಸರಿನಿಂದ ಮಾಡುತ್ತಿದ್ದಾರೆ: ಒಬ್ಬ ಎದುರಾಳಿಯ ಹಳೆಯ ಪಂದ್ಯಗಳ ದೃಶ್ಯಗಳನ್ನು ಮತ್ತೆ ಮತ್ತೆ ನೋಡುವುದು, ಅವನು ಒತ್ತಡದಲ್ಲಿ ಯಾವ ಗುಂಡಿಗೆ ಹೋಗುತ್ತಾನೆಂದು ಬರೆದಿಡುವುದು, ಅಭ್ಯಾಸದ ಕೋಣೆಯಲ್ಲಿ ಆ ಒಂದು ನಡೆಯನ್ನೇ ಯಂತ್ರದಿಂದ ಮಾಡಿಸಿ ಅದಕ್ಕೆ ಉತ್ತರ ಹುಡುಕುವುದು. ಪಂದ್ಯಗಳು ಮೂರರಲ್ಲಿ ಎರಡು, ಐದರಲ್ಲಿ ಮೂರು ಗೆದ್ದವನಿಗೆ ಸಲ್ಲುವುದರಿಂದ, ಮೊದಲ ಆಟವನ್ನು ಅರಿಯುವುದಕ್ಕೆಂದೇ ವ್ಯಯಮಾಡುವವರೂ ಉಂಟು.

ಪರಿಚಯದ ಅಭಾವವು ಎಷ್ಟು ದೊಡ್ಡ ಆಯುಧವೆಂಬುದನ್ನು 2019ರಲ್ಲಿ ಪಾಕಿಸ್ತಾನದ ಲಾಹೋರಿನ ಅರ್ಸಲಾನ್ ಸಿದ್ದಿಕಿ ತೋರಿಸಿಕೊಟ್ಟನು. ಅರ್ಸಲಾನ್ ಆಶ್ ಎಂಬ ಹೆಸರಿನಿಂದ ಆಡುವ ಈ ತರುಣನು ಆ ವರ್ಷ 'ಟೆಕ್ಕನ್ 7' ಆಟದಲ್ಲಿ ಜಪಾನಿನ ಇವೋ ಪಂದ್ಯಾವಳಿಯನ್ನೂ, ಅಮೆರಿಕದ ಇವೋ ಪಂದ್ಯಾವಳಿಯನ್ನೂ ಗೆದ್ದನು. ಟೆಕ್ಕನ್ ಎಂದರೆ ಕೊರಿಯಾ ಮತ್ತು ಜಪಾನ್ ಎಂದು ತಿಳಿದಿದ್ದ ಲೋಕವು ಆ ವರ್ಷದವರೆಗೆ ಅವನನ್ನು ಅಭ್ಯಾಸ ಮಾಡಿರಲಿಲ್ಲ, ಅವನಾದರೋ ಅವರೆಲ್ಲರನ್ನೂ ಅಭ್ಯಾಸ ಮಾಡಿದ್ದನು. ವೀಸಾದ ತೊಡಕುಗಳಿಂದ ಪ್ರಯಾಣವೇ ಒಂದು ಹೋರಾಟವಾಗಿದ್ದ ಆ ಹುಡುಗನು ಬೆಳೆದದ್ದು ತನ್ನ ಊರಿನ ಗೆಳೆಯರೊಡನೆ ಆಡಿ. ಒಂದೇ ಕೋಣೆಯಲ್ಲಿ, ಒಂದೇ ಊರಿನಲ್ಲಿ, ಒಬ್ಬರನ್ನೊಬ್ಬರು ಬಿಡದೆ ಸೋಲಿಸುತ್ತ ಕೂತ ಹತ್ತು ಮಂದಿ ಇದ್ದರೆ ಅದೇ ಗರಡಿ. ಚಿಕ್ಕೇರೂರಿನಂಥ ಊರಿನ ವಾಚಕರಿಗೆ ನಾನು ಇದನ್ನು ವಿಶೇಷವಾಗಿ ಹೇಳಬಯಸುತ್ತೇನೆ: ದೊಡ್ಡ ನಗರವಿಲ್ಲದಿದ್ದರೂ ಆದೀತು, ಗರಡಿ ಮಾತ್ರ ಇರಲೇಬೇಕು.

ವೇಗದ ವಾದವನ್ನು ಪೂರ್ತಿಯಾಗಿ ಕೆಡವುವ ಇನ್ನೊಂದು ಸಂಗತಿಯಿದೆ. ಚೀನದ ಹಾಂಗ್‌ಝೌ ನಗರದಲ್ಲಿ 2023ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ 'ಸ್ಟ್ರೀಟ್ ಫೈಟರ್ 5' ಪದಕದ ಸ್ಪರ್ಧೆಯಾಗಿದ್ದಿತು. ಭಾರತದ ಪರವಾಗಿ ಮಯಾಂಕ್ ಪ್ರಜಾಪತಿ ಮತ್ತು ಅಯಾನ್ ಬಿಸ್ವಾಸ್ ಅದರಲ್ಲಿ ಭಾಗವಹಿಸಿದರು, ಪದಕವು ಒದಗಲಿಲ್ಲ. ಚಿನ್ನ ಗೆದ್ದವನು ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ; ಅವನಿಗೆ ಆಗ 44 ವರ್ಷ. ಬೆರಳಿನ ವೇಗವೇ ಈ ಆಟದ ಸರ್ವಸ್ವವಾಗಿದ್ದರೆ, ಆ ವಯಸ್ಸಿನವನು ಇಪ್ಪತ್ತರ ತರುಣರ ನಡುವೆ ನಿಂತು ಗೆಲ್ಲುವುದು ಶಕ್ಯವಿರಲಿಲ್ಲ. ನಮ್ಮ ವಸ್ತಾದರು ವಯಸ್ಸಾದ ಮೇಲೂ ಹುಡುಗರ ಕೈಯಿಂದ ಸುಲಭವಾಗಿ ಬೀಳದೆ ನಿಲ್ಲುತ್ತಿದ್ದುದು ಇದೇ ಕಾರಣಕ್ಕೆ. ಅವರ ಕಾಲು ಸರಿಯಾದ ಸ್ಥಳದಲ್ಲಿ ಮೊದಲೇ ಇರುತ್ತಿದ್ದಿತು.

ತಂದೆತಾಯಿಗಳ ಆತಂಕವು ನನಗೆ ತಿಳಿಯದುದಲ್ಲ. ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳು ಎಷ್ಟೋ ಮನೆಗಳನ್ನು ಹಾಳುಗೆಡವಿವೆ, ಅವುಗಳ ವಿಷಯದಲ್ಲಿ ಕಠೋರವಾಗಿರುವುದೇ ಸರಿ. 2025ರ ಕೇಂದ್ರ ಶಾಸನವು ಅಂಥ ಹಣದ ಆಟಗಳನ್ನು ನಿಷೇಧಿಸಿ, ಕೌಶಲ್ಯದ ಸ್ಪರ್ಧೆಯಾದ ಇ-ಕ್ರೀಡೆಯನ್ನು ಬೇರೆಯಾಗಿ ಗುರುತಿಸಿದೆ. ಈ ಭೇದವನ್ನು ಮನೆಯೊಳಗೂ ಮಾಡತಕ್ಕದ್ದು. ಓದು, ನಿದ್ರೆ, ಹೊಲದ ಕೆಲಸಗಳಿಗೆ ಕುಂದು ಬರುವಷ್ಟು ಆಡುವುದನ್ನು ತಡೆಯಬೇಕಾದುದು ಹಿರಿಯರ ಕರ್ತವ್ಯವೇ. ಆದರೆ ತಡೆಯುವ ಮೊದಲು ನೋಡಬೇಕು.

ಹೇಗೆ ನೋಡಬೇಕೆಂದರೆ, ಹುಡುಗರು ಮುಂದಿನ ಸಲ ಪಡಸಾಲೆಯಲ್ಲಿ ಆಡಲು ಕುಳಿತಾಗ ಅವರ ಪಕ್ಕದಲ್ಲಿಯೇ ಒಂದು ಅರ್ಧ ತಾಸು ಕುಳಿತುಕೊಳ್ಳಿರಿ. ಹೊಡೆತಗಳನ್ನು ನೋಡಬೇಡಿರಿ, ಸಿಡಿಯುವ ಬಣ್ಣಗಳನ್ನೂ ನೋಡಬೇಡಿರಿ. ಎರಡು ಆಕೃತಿಗಳ ಕಾಲುಗಳನ್ನೂ ಅವುಗಳ ನಡುವೆ ಉಳಿದಿರುವ ನೆಲವನ್ನೂ ಮಾತ್ರ ನೋಡಿರಿ. ಅದನ್ನು ಯಾರು ಕಿರಿದುಗೊಳಿಸುತ್ತಿದ್ದಾರೆ, ಯಾರು ಬಿಟ್ಟುಕೊಡುತ್ತಿದ್ದಾರೆ, ಯಾರ ಬೆನ್ನು ಅಂಚಿಗೆ ತಾಗುತ್ತಿದೆ ಎಂಬುದನ್ನು ಗಮನಿಸಿರಿ. ಆಮೇಲೆ ಆ ಹುಡುಗನನ್ನು, ಇಷ್ಟು ಹೊತ್ತು ಯಾವುದಕ್ಕಾಗಿ ಕಾದೆ ತಮ್ಮಾ ಎಂದು ಕೇಳಿರಿ. ಅವನ ಬಳಿ ಉತ್ತರವಿರುತ್ತದೆ.